ಜೂನ್ ಒಂದರ ಮಕ್ಕಳು

ಶಿವಪುತ್ರಪ್ಪನವರ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಪುಣೆಯ ಕನ್ನಡಿಗರೆಲ್ಲ ಹೇಳುತ್ತಿದ್ದರು. ಎಲ್ಲರೂ ಎಂದರೆ ಸ್ವಲ್ಪ ಹೆಚ್ಚಾಯಿತು. ಬಿಬವೇವಾಡಿಯಿಂದ ಧನಕವಡಿಯ ತನಕದವರು ಎಂದಿಟ್ಟುಕೊಳ್ಳಿ. ಒಂದೇ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದವರು. ಅವರು ಬರೆದ ದಾಖಲಾತಿ ರಿಜಿಸ್ಟರಿನಲ್ಲಿ ಹೊಡೆದುಹಾಕಿದ ಒಂದು ಗೆರೆ ಇರಲಿಲ್ಲ, ಚೆಲ್ಲಿದ ಒಂದು ಹನಿ ಶಾಯಿ ಇರಲಿಲ್ಲ. ನಿವೃತ್ತಿಯ ದಿನ ಮುಖ್ಯೋಪಾಧ್ಯಾಯರು ಇದನ್ನೇ ಹೊಗಳಿ ಶಾಲು ಹೊದಿಸಿದರು. ಆ ರಿಜಿಸ್ಟರಿನಲ್ಲಿ ಎಷ್ಟು ಸುಳ್ಳಿದೆ ಎನ್ನುವುದು ಶಾಲು ಹೊದ್ದವರಿಗೆ ಮಾತ್ರ ಗೊತ್ತಿತ್ತು.

ಸುಳ್ಳೆಂದರೆ ಲಾಭದ ಸುಳ್ಳಲ್ಲ. ವಿಷಯ ಇಷ್ಟೆ: ಕೊಪ್ಪಳ, ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಮಕ್ಕಳನ್ನು ಶಾಲೆಗೆ ಕರೆತರುತ್ತಿದ್ದರು. ಹುಟ್ಟಿದ ತಾರೀಖು ಕೇಳಿದರೆ, ಆ ವರ್ಷ ದೊಡ್ಡ ಮಳೆ ಆಗಿತ್ತಲ್ಲ ಎನ್ನುತ್ತಿದ್ದರು. ಯಾವ ವರ್ಷ, ಯಾವ ಮಳೆ, ಆ ಶಿವನೇ ಬಲ್ಲ. ಆಗ ಶಿವಪುತ್ರಪ್ಪನವರು ತಮ್ಮ ಊರಿನ ಮಾಸ್ತರರು ಮಾಡುತ್ತಿದ್ದುದನ್ನೇ ಮಾಡುತ್ತಿದ್ದರು. ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಬೆರಳು ಕಿವಿಗೆ ತಾಗಿತೋ, ಆರು ತುಂಬಿತು. ಜೂನ್‌ನಲ್ಲಿ ಶಾಲೆ ತೆರೆಯುವುದರಿಂದ ಹುಟ್ಟಿದ ದಿನ ಜೂನ್ ಒಂದು. ಅವರ ಸ್ವಂತ ಜನ್ಮದಿನವೂ ಕಾಗದದ ಮೇಲೆ ಜೂನ್ ಒಂದೇ, ಹೆಂಡತಿ ಚನ್ನಬಸವ್ವನದೂ ಅದೇ. ಒಂದೇ ದಿನ ಹುಟ್ಟಿದ ಜೋಡಿ ಎಂದು ಮಗ ಅಮರ ನಗುತ್ತಿದ್ದ.

ಆರು ವರ್ಷದ ಹಿಂದೆ ಒಂದು ಜೂನ್‌ನಲ್ಲಿ ದ್ಯಾಮವ್ವ ಎಂಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಗಾರೆ ಹೊರುವ ಕೆಲಸದವಳು, ಗಂಡ ಇರಲಿಲ್ಲ. ಮಗಳ ಹೆಸರು ಹುಲಿಗೆವ್ವ. ಹೆಸರಿನಲ್ಲಷ್ಟೇ ಹುಲಿ, ನೋಡಿದರೆ ಗುಬ್ಬಿಮರಿ. ಕೈಯನ್ನು ನೆತ್ತಿಯ ಮೇಲೆ ಹಾಯಿಸಿದರೆ ಬೆರಳಿಗೂ ಕಿವಿಗೂ ನಡುವೆ ಇನ್ನೂ ನಾಲ್ಕು ಬೆರಳು ಜಾಗ ಉಳಿಯಿತು. ದೀಪಾವಳಿಗೆ ಐದು ತುಂಬುತ್ತದೆ, ಶೆಡ್ಡಿನಲ್ಲೇ ಹಡೆದೆ, ಕಾಗದಪತ್ರ ಏನೂ ಇಲ್ಲ ಎಂದು ದ್ಯಾಮವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುಂದಿನ ವರ್ಷ ಬಾ ಎಂದು ಶಿವಪುತ್ರಪ್ಪನವರು ಪೆನ್ನಿನ ಮುಚ್ಚಳ ಹಾಕಿದರು.

ದ್ಯಾಮವ್ವ ಎದ್ದು ಹೋಗಲಿಲ್ಲ. ಮಗಳ ಲಂಗ ಸ್ವಲ್ಪ ಎತ್ತಿ ಕಾಲಿನ ಗೆಣ್ಣು ತೋರಿಸಿದಳು. ಸುತ್ತಲೂ ಹಗ್ಗದ ಕಲೆ.

"ಲಿಫ್ಟಿನ ಗುಂಡಿ ತೆರದಾರ್ರಿ ಅಲ್ಲಿ. ಹೋದ ವಾರ ಒಂದು ಕೂಸು ಬಿತ್ತು. ಅದಕ್ಕ ಈಕಿನ್ನ ಕಟ್ಟಿ ಹಾಕಿ ಕೆಲಸಕ್ಕ ಹೋಗ್ತೀನ್ರಿ. ನಾಯಿ ಕಟ್ಟಿದಂಗ."

ಶಿವಪುತ್ರಪ್ಪನವರು ಆ ಗೆಣ್ಣನ್ನು ನೋಡಿದರು, ಪೆನ್ನನ್ನು ನೋಡಿದರು. ಆಮೇಲೆ ತಮ್ಮ ಕೈಯಿಂದಲೇ ಮಗುವಿನ ಕುತ್ತಿಗೆ ಬಾಗಿಸಿ, ತೋಳನ್ನು ಎಳೆದು, ಬೆರಳನ್ನು ಕಿವಿಗೆ ಮುಟ್ಟಿಸಿದರು. ಮುಟ್ಟಿದ್ದು ಮುಟ್ಟಿದ್ದೇ. ಒಂದನೇ ಜೂನ್, ಎರಡು ಸಾವಿರದ ಹದಿಮೂರು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ಬರೆದು ಮುಗಿಸಿ ಮಗುವನ್ನು ಹತ್ತಿರ ಕರೆದು ಪಾಠವನ್ನೂ ಹೇಳಿಕೊಟ್ಟರು. ಯಾರು ಕೇಳಿದರೂ ಆರು ಎನ್ನಬೇಕು, ಮುಂದಿನ ವರ್ಷ ಏಳು, ಹಾಗೇ ಏರಿಸುತ್ತ ಹೋಗಬೇಕು, ಮರೆತರೆ ಶಾಲೆ ಬಿಡಿಸುತ್ತಾರೆ. ಹುಲಿಗೆವ್ವ ಆಣೆ ಇಡುವವಳ ಹಾಗೆ ತಲೆ ಅಲ್ಲಾಡಿಸಿದಳು.

ರೋಗದ ಗಲಾಟೆಯಲ್ಲಿ ಶಾಲೆ ಮುಚ್ಚಿ ಮತ್ತೆ ತೆರೆದಾಗ ಅವಳು ಮೂರನೆಯ ತರಗತಿಯಲ್ಲಿದ್ದಳು. ಒಂದು ದಿನ ಆಫೀಸಿನ ಬಾಗಿಲಿಗೆ ಓಡಿ ಬಂದು, ಕೈಯನ್ನು ತಲೆಯ ಮೇಲೆ ಹಾಯಿಸಿ, ಕಿವಿ ಹಿಡಿದು ನಿಂತಳು. "ಸರ, ಈಗ ಖರೇನ ಮುಟ್ಟತೈತ್ರಿ" ಎಂದಳು. ಶಿವಪುತ್ರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕು ಒಂದು ಪೆನ್ಸಿಲ್ ಕೊಟ್ಟರು. ಅದಾದ ಮರುವರ್ಷ ಅವರು ನಿವೃತ್ತರಾದರು. ಅಲ್ಲಿಗೆ ಈ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಮುಗಿಯಲಿಲ್ಲ. ಈ ಸೆಪ್ಟೆಂಬರಿನಲ್ಲಿ ಧನಕವಡಿಯ ಅವರ ಮನೆಯ ಹಿಂದೆ ಏಳುತ್ತಿದ್ದ ಹೊಸ ಕಟ್ಟಡದಲ್ಲಿ ದ್ಯಾಮವ್ವನ ಶೆಡ್ಡು ಬಂತು. ಶಿವಪುತ್ರಪ್ಪನವರ ಮೊಮ್ಮಗ ಮಾಂತು, ಒಂಬತ್ತು ವರ್ಷದವನು, ಸಂಜೆ ಹೊತ್ತು ಗೋಡೆ ಹಾರಿ ಅಲ್ಲಿಗೆ ಆಡಲು ಹೋಗುತ್ತಿದ್ದ. ಮೊದಲ ಅಂತಸ್ತಿನ ಸ್ಲ್ಯಾಬಿನಿಂದ ಕೆಳಗಿನ ಉಸುಕಿನ ಗುಡ್ಡೆಗೆ ಧುಮುಕುವುದು ಅಲ್ಲಿಯ ಮಕ್ಕಳ ಆಟ. ಒಂದು ಸಂಜೆ ಸ್ಲ್ಯಾಬಿನ ಅಂಚಿನಲ್ಲಿ ಮಾಂತುವಿಗೂ ಹುಲಿಗೆವ್ವನಿಗೂ ಜಗಳ ಬಿತ್ತು. ಅವಳು ಅವನನ್ನು ನೂಕಿದಳು. ಗುಡ್ಡೆಯ ಉಸುಕು ಆ ದಿನ ಮಧ್ಯಾಹ್ನವೇ ಪ್ಲಾಸ್ಟರಿಗೆ ಹೋಗಿ ಮುಗಿದಿತ್ತು. ಕೆಳಗೆ ಖಡಿಕಲ್ಲೂ ಕಬ್ಬಿಣದ ಸರಳುಗಳೂ ಇದ್ದವು.

ಮಾಂತು ನಾಲ್ಕು ದಿನ ಕಣ್ಣು ತೆರೆಯಲಿಲ್ಲ. ಬಲಗಡೆಯ ಭುಜ ಮೂರು ಕಡೆ ಮುರಿದಿತ್ತು. ಐದನೆಯ ದಿನ ಅವನು ನೀರು ಕೇಳಿದಾಗ ಅವನ ತಾಯಿ ಶಿವಾನಿ ಅಳುತ್ತಲೇ ಚಮಚದಿಂದ ನೀರು ಹನಿಸಿದಳು. ಜೀವಕ್ಕೆ ಭಯವಿಲ್ಲ, ಆದರೆ ಕೈ ಭುಜದ ಮೇಲಕ್ಕೆ ಏಳುವುದೋ ಇಲ್ಲವೋ ವ್ಯಾಯಾಮದ ಮೇಲೆ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಶಿವಾನಿ ಕಣ್ಣೊರೆಸಿಕೊಂಡು ನೇರ ಪೊಲೀಸ್ ಠಾಣೆಗೆ ಹೋದಳು. ಠಾಣೆಯಲ್ಲಿ ಹುಲಿಗೆವ್ವನಿಗೆ ವಯಸ್ಸು ಕೇಳಿದರು. ಹನ್ನೆರಡು ಎಂದಳು, ತಡವರಿಸಲೇ ಇಲ್ಲ. ಶಾಲೆಯ ರಿಜಿಸ್ಟರೂ ಹಾಗೇ ಹೇಳಿತು. ಕೊಲ್ಲುವ ಪ್ರಯತ್ನ ಎಂದು ಬರೆದುಕೊಂಡು ಅವಳನ್ನು ಬಾಲಕಿಯರ ನಿರೀಕ್ಷಣಾ ಗೃಹಕ್ಕೆ ಕಳಿಸಿದರು.

ಶಿವಪುತ್ರಪ್ಪನವರಿಗೆ ಅಂದಿನಿಂದ ಗಂಟಲಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೊಮ್ಮಗನ ಮುಖ ನೋಡಿದರೆ ಆ ಹುಡುಗಿಯ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಅದು ಸುಳ್ಳಲ್ಲ, ಅಜ್ಜನಾದವನಿಗೆ ಉರಿಯಲೇಬೇಕು. ಆ ಉರಿ ಇಳಿದ ಗಳಿಗೆಯಲ್ಲಿ ಹಗ್ಗದ ಕಲೆಯ ಗೆಣ್ಣು ನೆನಪಾಗುತ್ತಿತ್ತು.

ಒಂದು ಮಧ್ಯಾಹ್ನ ಜ್ಯೋತ್ಸ್ನಾ ಎಂಬ ಅಧಿಕಾರಿ ಮನೆಗೆ ಬಂದಳು. ಇಂಥ ಮಕ್ಕಳ ಮನೆ, ಶಾಲೆ, ಸ್ವಭಾವ ಎಲ್ಲ ವಿಚಾರಿಸಿ ಬಾಲನ್ಯಾಯ ಮಂಡಳಿಗೆ ವರದಿ ಕೊಡುವುದು ಅವಳ ಕೆಲಸ. ಉಡುಪಿ ಕಡೆಯವಳು, ಅಪ್ಪ ಖಡಕಿಯಲ್ಲಿ ಹೋಟೆಲು ನಡೆಸುವವರು. ಮಾಂತುವಿನ ಹತ್ತಿರ ಕೂತು ಮಾತನಾಡಿಸಿ, ಶಿವಾನಿಯ ಅಳಲನ್ನು ಕೇಳಿ, ಕೊನೆಗೆ ಅಜ್ಜನ ಕಡೆ ತಿರುಗಿದಳು.

"ನಿಮ್ಮ ಶಾಲೆಯ ರಿಜಿಸ್ಟರ್ ನೋಡಿ ಬಂದೆ ಸರ್. ಎಂತದು ಅದು? ಆ ವರ್ಷದ ಮೂವತ್ತೆರಡು ಮಕ್ಕಳಲ್ಲಿ ಇಪ್ಪತ್ತೇಳು ಒಂದೇ ದಿನ ಹುಟ್ಟಿದ್ದಾ?"

ಅದು ಆ ಕಾಲದ ರೂಢಿ ಎಂದರು ಶಿವಪುತ್ರಪ್ಪನವರು. ಜ್ಯೋತ್ಸ್ನಾ ನಗಲಿಲ್ಲ. ಕಾನೂನು ಏನೆಂದು ಬಿಡಿಸಿ ಹೇಳಿದಳು. ವಯಸ್ಸಿಗೆ ಮೊದಲ ಸಾಕ್ಷಿ ಶಾಲೆಯ ದಾಖಲೆ. ಹನ್ನೆರಡು ತುಂಬದ ಮಗುವಾದರೆ, ತಾನು ಮಾಡುತ್ತಿರುವುದು ಏನು, ಅದರಿಂದ ಏನಾಗುತ್ತದೆ ಎಂದು ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂಬುದನ್ನು ಮಂಡಳಿ ಮೊದಲು ನೋಡಬೇಕು. ಹನ್ನೆರಡು ದಾಟಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ, ಮೂರು ವರ್ಷದ ತನಕ ವಿಶೇಷ ಗೃಹದಲ್ಲಿ ಇಡಬಹುದು. ದಾಖಲೆಯಲ್ಲಿ ಈಗ ಹನ್ನೆರಡು ವರ್ಷ ಮೂರು ತಿಂಗಳು. ಬರೆದವರೇ ಬಂದು ತಪ್ಪು ಎಂದು ಹೇಳಿದರೆ ಮಾತು ಬೇರೆ.

ಅಡುಗೆಮನೆಯ ಬಾಗಿಲಲ್ಲಿ ಶಿವಾನಿ ನಿಂತಿದ್ದಳು. "ಸಣ್ಣಾಕಿ ಅಂತ ಎಲ್ಲಾರೂ ಆಕಿಗೇ ಮರುಗ್ತಾರ್ರಿ. ನನ್ನ ಮಗನೂ ಸಣ್ಣಾವನ ಇದ್ದಾನಲ್ಲ" ಎಂದಳು. ಶಿವಪುತ್ರಪ್ಪನವರು ಚಹಾದ ಕಪ್ಪನ್ನು ಮುಂದಕ್ಕೆ ಸರಿಸಿದರು, ಜ್ಯೋತ್ಸ್ನಾ ಕುಡಿದು ಹೋದಳು.

ಚನ್ನಬಸವ್ವನಿಗೆ ಗಂಡನ ಹೊಟ್ಟೆಯೊಳಗಿನದು ಮುಖದ ಮೇಲೇ ಕಾಣುತ್ತದೆ. ಹಗ್ಗದ ಕಲೆಯ ಸಂಗತಿಯನ್ನು ಅವರು ಅಂದೇ ಅವಳಿಗೆ ಹೇಳಿದ್ದರು ಕೂಡ. ಮರುದಿನ ಮೊರದಲ್ಲಿ ಜೋಳ ಹಸನು ಮಾಡುತ್ತ, ತಲೆ ಎತ್ತದೆ ಹೇಳಿದಳು: "ಸುಳ್ಳು ಬರಿಯೂ ಮುಂದ ನಡಗಲಿಲ್ಲ ಕೈ. ಖರೇ ಹೇಳೂ ಮುಂದ ಯಾಕ ನಡಗ್ತದ?" ಶಿವಪುತ್ರಪ್ಪನವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಪೇಪರು ತಲೆಕೆಳಗಾಗಿತ್ತು. ನಡುಗದೆ ಏನು ಮಾಡೀತು? ಸೊಸೆ ಅವರನ್ನು ಸ್ವಂತ ತಂದೆಗಿಂತ ಹೆಚ್ಚಾಗಿ ನೋಡಿಕೊಂಡವಳು. ಮೂವತ್ತೊಂದು ವರ್ಷದ ಹೆಸರು ಒಂದು ಶಾಲಿನ ಮೇಲೆ ನಿಂತಿತ್ತು. ಒಬ್ಬ ಕೂಲಿಯವಳ ಮಗಳಿಗಾಗಿ ಇವೆರಡನ್ನೂ ಕಳೆದುಕೊಳ್ಳುವುದೆಂದರೆ ಹುಡುಗಾಟವೇ?

ದೀಪಾವಳಿಗೆ ಒಂದು ವಾರವಿದ್ದಾಗ ಮಂಡಳಿಯ ಮುಂದೆ ವಿಚಾರಣೆ ಬಂತು. ಅಮರನಿಗೆ ರಜೆ ಸಿಗಲಿಲ್ಲ, ಶಿವಾನಿಯ ಜೊತೆಗೆ ಮಾವನೇ ಹೋದರು. ಹೇಳಬೇಕೋ ಬೇಡವೋ ಎಂಬುದು ರಿಕ್ಷಾ ಇಳಿಯುವ ತನಕ ಇತ್ಯರ್ಥವಾಗಿರಲಿಲ್ಲ. ಇಳಿದ ಮೇಲೂ ಆಗಲಿಲ್ಲ.

ಕೋರ್ಟಿನ ಹಾಗೆ ಕಟಕಟೆಯಿರಲಿಲ್ಲ. ಉದ್ದನೆಯ ಒಂದು ಮೇಜು. ಅದರ ಆಚೆ ಕರಿಕೋಟಿಲ್ಲದ ನ್ಯಾಯಾಧೀಶೆ, ಅವರ ಎರಡೂ ಪಕ್ಕ ಇಬ್ಬರು ಸದಸ್ಯರು. ಈಚೆ ಕುರ್ಚಿಯಲ್ಲಿ ಹುಲಿಗೆವ್ವ, ಕಾಲು ನೆಲಕ್ಕೆ ಪೂರ್ತಿ ತಾಗಿರಲಿಲ್ಲ. ಗೋಡೆಗೆ ಆತು ನಿಂತ ದ್ಯಾಮವ್ವ ಶಿವಾನಿಯನ್ನು ನೋಡಿ ಕೈಮುಗಿದಳು, ಶಿವಾನಿ ಮುಖ ತಿರುಗಿಸಿದಳು. ನ್ಯಾಯಾಧೀಶೆ ಮರಾಠಿಯಲ್ಲಿ ಕೇಳಿದ್ದನ್ನು ಜ್ಯೋತ್ಸ್ನಾ ಕನ್ನಡದಲ್ಲಿ ಹೇಳುತ್ತಿದ್ದಳು. ನಿನ್ನ ತಾಯಿ ನಿನಗೆ ಹನ್ನೊಂದೂ ತುಂಬಿಲ್ಲ ಎನ್ನುತ್ತಾಳೆ, ಶಾಲೆಯವರು ಹನ್ನೆರಡು ಎನ್ನುತ್ತಾರೆ, ನಿಜವಾಗಿ ನಿನಗೆಷ್ಟು ವಯಸ್ಸು ಎಂಬುದು ಮೊದಲ ಪ್ರಶ್ನೆಯಾಗಿತ್ತು.

ಹುಲಿಗೆವ್ವ ಸುತ್ತ ನೋಡಿದಳು. ಹಿಂದಿನ ಸಾಲಿನಲ್ಲಿ ಶಿವಪುತ್ರಪ್ಪನವರು ಕಂಡರು. ಆ ಮಗುವಿನ ಮುಖ ಒಮ್ಮೆಲೇ ಬೆಳಗಿತು. ಕೊಟ್ಟ ಮಾತನ್ನು ಇಷ್ಟು ವರ್ಷ ಕಾಪಾಡಿದ್ದೇನೆ, ನೋಡಿ ಎನ್ನುವಂಥ ಮುಖ.

"ಹನ್ನೆರಡ್ರಿ" ಎಂದಳು.

ಅಯ್ಯೋ ಶಿವನೇ, ಈ ಕೂಸು ಪೊಲೀಸರ ಮುಂದೆ, ಗೃಹದಲ್ಲಿ, ಹಡೆದ ತಾಯಿಯ ಮಾತಿಗೂ ವಿರುದ್ಧವಾಗಿ, ನನ್ನ ಸುಳ್ಳನ್ನು ಹೊತ್ತು ನಿಂತಿದೆಯಲ್ಲ. ಎದ್ದು ನಿಂತದ್ದು ಶಿವಪುತ್ರಪ್ಪನವರಿಗೇ ಗೊತ್ತಾಗಲಿಲ್ಲ. ಶಿವಾನಿ ತೋಳು ಹಿಡಿದು ಜಗ್ಗಿದಳು. ಅವರು ಮೇಜಿನ ತನಕ ಹೋಗಿ, ತಾನು ಗಾಯಗೊಂಡ ಹುಡುಗನ ಅಜ್ಜ, ಈ ಹುಡುಗಿಯ ಶಾಲೆಯ ಗುಮಾಸ್ತನೂ ಹೌದು, ಆ ತಾರೀಖು ಬರೆದ ಕೈ ಇದೇ ಎಂದು ಮರಾಠಿಯಲ್ಲಿ ಹೇಳಿದರು. ಕುತ್ತಿಗೆ ಬಾಗಿಸಿದ್ದನ್ನೂ, ಹಗ್ಗದ ಕಲೆಯನ್ನೂ, ಕಲಿಸಿಕೊಟ್ಟ ಪಾಠವನ್ನೂ ಒಂದೂ ಬಿಡದೆ ಹೇಳಿದರು. ಆಮೇಲೆ ಹುಡುಗಿಯ ಕಡೆ ತಿರುಗಿದರು.

"ಹುಲಿಗೆವ್ವ, ನಾ ಹೇಳಿಕೊಟ್ಟಿದ್ದು ಇಲ್ಲಿಗೆ ಮುಗೀತವ್ವ. ನಿನ್ನ ಖರೇ ವಯಸ್ಸು ಹೇಳು."

"ಸಾಲಿ ಬಿಡಸ್ತಾರ್ರಿ, ಸರ?"

"ಇಲ್ಲವ್ವ. ಯಾರೂ ಬಿಡಸೂದಿಲ್ಲ."

ಅವಳು ನ್ಯಾಯಾಧೀಶೆಯ ಕಡೆ ನೋಡಿ, ದೀಪಾವಳಿಗೆ ಹನ್ನೊಂದು ಎಂದು ಮೆಲ್ಲಗೆ ಹೇಳಿದಳು. ಹೇಳಿದ್ದೇ ತಡ ಅಳತೊಡಗಿದಳು. ಠಾಣೆಗೆ ಕರೆದೊಯ್ದ ದಿನ ಕೂಡ ಅತ್ತಿರಲಿಲ್ಲವಂತೆ, ಜ್ಯೋತ್ಸ್ನಾ ಆಮೇಲೆ ಹೇಳಿದಳು.

ನ್ಯಾಯಾಧೀಶೆ ಅಳು ನಿಲ್ಲುವ ತನಕ ಕಾದರು. ನೂಕಿದಾಗ ಏನಾಗುತ್ತದೆ ಅಂದುಕೊಂಡಿದ್ದೆ ಎಂದು ಕೇಳಿದರು. ಉಸುಕಿನಲ್ಲಿ ಬೀಳುತ್ತಾನೆ ಅಂದುಕೊಂಡಿದ್ದೆ, ಬೆಳಿಗ್ಗೆ ಶಾಲೆಗೆ ಹೋಗುವಾಗ ಗುಡ್ಡೆ ಇತ್ತು, ಕೆಳಗೆ ನೋಡಲಿಲ್ಲ ಎಂದಳು. ಅವನಿಗೆ ನೋವಾಗಲಿ ಎಂದು ಮನಸ್ಸಿನಲ್ಲಿತ್ತೇ ಎಂದು ಸದಸ್ಯರೊಬ್ಬರು ಕೇಳಿದರು. ಇಲ್ಲ ಎಂದು ಹೇಳಿಬಿಟ್ಟರೆ ಅವಳಿಗೇ ಒಳ್ಳೆಯದಿತ್ತು.

"ಸಿಟ್ಟು ಬಂದಿತ್ರಿ. ಸ್ವಲ್ಪ ನೋವಾಗ್ಲಿ ಅಂತನ ನೂಕಿದ್ನಿ. ಇಷ್ಟು ಅಲ್ರಿ."

ನ್ಯಾಯಾಧೀಶೆ ಅದನ್ನೂ ಬರೆದುಕೊಂಡರು. ವಯಸ್ಸು ತಿಳಿಯಲು ಎಲುಬಿನ ಪರೀಕ್ಷೆ ಮಾಡಿಸಬೇಕು, ಮಕ್ಕಳ ಮನಸ್ಸಿನ ತಜ್ಞರು ಹುಡುಗಿಯೊಡನೆ ಮಾತನಾಡಬೇಕು ಎಂದು ಹೇಳಿ ಮುಂದಿನ ತಾರೀಖು ಕೊಟ್ಟರು.

ರಿಕ್ಷಾದಲ್ಲಿ ಶಿವಾನಿ ಒಂದೇ ಮಾತು ಹೇಳಿದಳು. "ಊರಿಗೆ ಉಪಕಾರಿ, ಮನಿಗೆ ಮಾರಿ ಆದ್ರಲ್ಲ, ಮಾವಾರ." ಅಂದಿನಿಂದ ಅವರ ಚಹಾ ಮೇಜಿನ ಮೇಲೆ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ದೀಪಾವಳಿ ಹೆಸರಿಗೆ ಬಂದು ಹೋಯಿತು. ಶಿವಪುತ್ರಪ್ಪನವರು ಸೊಸೆಯನ್ನು ದೂರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ತಮಗೆ ತಾವೇ ಹೇಳಿಕೊಂಡರು.

ಗಂಟು ಸಡಿಲಿಸಿದವನು ಮಾಂತು. ಅಜ್ಜನ ಜೊತೆ ಅಮ್ಮ ಏಕೆ ಮಾತಾಡುವುದಿಲ್ಲ ಎಂದು ಎರಡು ವಾರ ನೋಡಿದ. ಒಂದು ಮುಂಜಾನೆ ಹಾಲಿನ ಲೋಟ ಕೆಳಗಿಟ್ಟು, ತಾನು ಇಷ್ಟು ದಿನ ಯಾರಿಗೂ ಹೇಳದೆ ಬಚ್ಚಿಟ್ಟಿದ್ದನ್ನು ಹೇಳಿದ. ಹುಲಿಗೆವ್ವನ ಶಾಲೆಯ ಚೀಲವನ್ನು ಸ್ಲ್ಯಾಬಿನಿಂದ ಕೆಳಗೆ ಎಸೆದವನು ಅವನೇ. ಸಿಮೆಂಟ್ ಹೊರುವವಳಿಗೆ ಪುಸ್ತಕ ಏಕೆ ಎಂದೂ ಅಂದಿದ್ದ. ಹೋಗಿ ತಗೊಂಡು ಬಾ ಎಂದು ಅವಳು ನೂಕಿದ್ದು ಆಮೇಲೆ. ಶಿವಾನಿ ಮಗನ ಎದುರು ಕೂತಳು. ಅದಕ್ಕೆ ಇಷ್ಟು ದೊಡ್ಡ ಶಿಕ್ಷೆಯಾಗಬೇಕಿರಲಿಲ್ಲ ನಿನಗೆ ಎಂದಳು, ಆದರೆ ಹಾಗೆ ಅನ್ನಬಾರದಿತ್ತು ಎಂದೂ ಹೇಳಿದಳು. ಅದೇ ದಿನ ಅವಳೇ ಜ್ಯೋತ್ಸ್ನಾಗೆ ಫೋನು ಮಾಡಿ ಅದನ್ನೆಲ್ಲ ವರದಿಯಲ್ಲಿ ಸೇರಿಸಲು ಹೇಳಿದಳು. ಮಾವನಿಗೆ ಚಹಾ ಕೈಗೆ ಕೊಟ್ಟಳು, ಮಾತು ಮಾತ್ರ ಇನ್ನೂ ಇಲ್ಲ.

ಎಲುಬಿನ ಪರೀಕ್ಷೆಯವರು ಹತ್ತರಿಂದ ಹನ್ನೆರಡರ ಒಳಗೆ ಎಂದರು. ಮಂಡಳಿ ಮಗುವಿನ ಪರವಾಗಿ ಕಡಿಮೆಯದನ್ನೇ ಹಿಡಿಯಿತು. ನೂಕಬಾರದೆಂಬ ತಿಳಿವಳಿಕೆ ಹುಡುಗಿಗಿತ್ತು, ಅದರಿಂದ ಏನಾಗಬಹುದೆಂದು ಅಳೆಯುವ ಬುದ್ಧಿ ಇನ್ನೂ ಬಲಿತಿರಲಿಲ್ಲ ಎಂದು ಬರೆಯಿತು. ಆಕೆ ಅಪರಾಧಿಯಲ್ಲ, ಆರೈಕೆ ಬೇಕಾದ ಮಗು. ಹಾಗೆಂದು ಮನೆಗೆ ಹೋಗು ಎಂದು ಕೈತೊಳೆದುಕೊಳ್ಳಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿತು. ಸಮಿತಿಯವರು ಶಾಲೆಯ ಹತ್ತಿರದ ಬಾಲಕಿಯರ ವಸತಿಗೃಹದಲ್ಲಿ ಜಾಗ ಕೊಡಿಸಿದರು. ಭಾನುವಾರ ತಾಯಿಯ ಹತ್ತಿರ, ವಾರಕ್ಕೊಮ್ಮೆ ಆಪ್ತಸಲಹೆ, ಒಂದು ವರ್ಷ ಜ್ಯೋತ್ಸ್ನಾಳ ಕಣ್ಗಾವಲು. ಇನ್ನು ಸ್ಲ್ಯಾಬಿನ ಅಂಚೂ ಇಲ್ಲ, ಗುಂಡಿಯೂ ಇಲ್ಲ, ಹಗ್ಗವೂ ಇಲ್ಲ.

ಶಿವಪುತ್ರಪ್ಪನವರಿಗೂ ಪ್ರಸಾದ ಸಿಕ್ಕಿತು. ದಯೆ ತೋರಿಸಿದಿರಿ ಸರಿ, ಆದರೆ ಒಂದು ಮಗುವಿನ ವಯಸ್ಸನ್ನು ಕದ್ದಿರಿ, ಅದನ್ನು ಹಿಂದಿರುಗಿಸುವವರು ಯಾರು ಎಂದು ನ್ಯಾಯಾಧೀಶೆ ಎಲ್ಲರ ಮುಂದೆ ಕೇಳಿದರು. ಅವರು ತಲೆ ತಗ್ಗಿಸಿ ನಿಂತರು. ಈಗ ವಾರಕ್ಕೆ ಮೂರು ದಿನ ಅದೇ ಶಾಲೆಯ ಅದೇ ಮೂಲೆಯಲ್ಲಿ ಕೂತು ಕೂಲಿಕಾರರ ಮಕ್ಕಳ ಜನನ ಪ್ರಮಾಣಪತ್ರಕ್ಕೆ ಅರ್ಜಿ ಬರೆದುಕೊಡುತ್ತಾರೆ. ಇಲಾಖೆಯ ಪರವಾನಗಿ ಬಂದ ದಿನ ರಿಜಿಸ್ಟರಿನಲ್ಲಿ ಹುಲಿಗೆವ್ವನ ತಾರೀಖಿನ ಮೇಲೆ ತಾವೇ ಗೆರೆ ಎಳೆದರು. ಅವರು ಬಾಳಿನಲ್ಲಿ ಹೊಡೆದುಹಾಕಿದ ಮೊದಲ ದಾಖಲೆ ಅದು. ಗೆರೆ ಸ್ವಲ್ಪ ಸೊಟ್ಟಗೆ ಬಂತು.

ಆ ಹೊತ್ತಿಗೆ ಮಾಂತು ಹಟ ಹಿಡಿದಿದ್ದ. ಕೈ ಎತ್ತಿದರೆ ಪ್ರಾಣ ಹೋದಷ್ಟು ನೋವು, ಭುಜದ ಮಟ್ಟಕ್ಕೆ ಬಂದ ಕೂಡಲೇ ಇಳಿಸಿಬಿಡುತ್ತಿದ್ದ. ವ್ಯಾಯಾಮ ಮಾಡಿಸುವವರು ಸೋತರು, ಚನ್ನಬಸವ್ವನ ಬೇಸನ್ ಉಂಡಿಯೂ ಸೋತಿತು. ಹೀಗೇ ಬಿಟ್ಟರೆ ಕೈ ಅಲ್ಲೇ ನಿಂತುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಅದೇ ದಿನಗಳಲ್ಲಿ ಜ್ಯೋತ್ಸ್ನಾ ಫೋನು ಮಾಡಿ, ಹುಡುಗಿ ಒಮ್ಮೆ ಬಂದು ಮಾಂತುವನ್ನು ನೋಡಬೇಕು ಎನ್ನುತ್ತಾಳೆ, ನೀವು ಒಪ್ಪಿದರೆ ಮಾತ್ರ ಎಂದಳು. ಶಿವಾನಿ ಮೂರು ದಿನ ಉತ್ತರ ಕೊಡಲಿಲ್ಲ. ನಾಲ್ಕನೆಯ ದಿನ, ಆಕೆ ಮಾಡಿದ್ದನ್ನು ಆಕೆಯೇ ಕಣ್ಣಿಂದ ನೋಡಲಿ ಎಂದಳು.

ಭಾನುವಾರ ಬೆಳಿಗ್ಗೆ ಹುಲಿಗೆವ್ವ ಬಂದಳು. ಹೊಸ್ತಿಲ ಒಳಗೆ ನಿಂತು ಮಾಂತುವಿನ ಭುಜದ ಹೊಲಿಗೆಯ ಗುರುತನ್ನು ನೋಡಿದಳು. ತಪ್ಪಾಯಿತು ಎಂದು ಹೇಳಲು ಬಂದವಳ ಕಣ್ಣು ತುಂಬಿತು. ಮಾಂತು ನಿನ್ನ ಚೀಲ ಸಿಕ್ಕಿತೇ ಎಂದು ಕೇಳಿದ. ಸಿಕ್ಕಿತು, ಗಣಿತದ ಪುಸ್ತಕ ಹರಿದಿತ್ತು, ಅಂಟಿಸಿಕೊಂಡೆ ಎಂದಳು. ಕೈ ಎಷ್ಟು ಏಳುತ್ತದೆ ಎಂದು ಅವಳು ಕೇಳಿದಳು. ಅವನು ಭುಜದ ತನಕ ಎತ್ತಿ, ಮುಖ ಹಿಂಡಿ, ಇಳಿಸಿದ.

ಹುಲಿಗೆವ್ವ ತನ್ನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಹಿಡಿದು ತೋರಿಸಿದಳು. ನನಗೂ ಮೊದಲು ಮುಟ್ಟುತ್ತಿರಲಿಲ್ಲ, ದಿನಾ ಮಾಡಿದೆ, ಎರಡು ವರ್ಷ ಬೇಕಾಯಿತು ಎಂದಳು. ಮಾಂತುವಿಗೆ ಅವಮಾನವಾಯಿತೋ ಛಲ ಬಂತೋ, ಹಲ್ಲು ಕಚ್ಚಿ ಕೈ ಎತ್ತಿದ. ಭುಜ ದಾಟಿತು, ಹಣೆ ದಾಟಿತು. ಬೆರಳು ನಡುಗುತ್ತ ನಡುಗುತ್ತ ನೆತ್ತಿಗೆ ಬಂದು ನಿಂತಿತು. ಕಣ್ಣಲ್ಲಿ ನೀರು, ಆದರೂ ಇಳಿಸಲಿಲ್ಲ.

ಶಿವಪುತ್ರಪ್ಪನವರಿಗೆ ತಡೆದುಕೊಳ್ಳಲಾಗಲಿಲ್ಲ. ಕುರ್ಚಿಯಿಂದ ಎದ್ದರು, ಹಳೆಯ ಚಾಳಿಯಂತೆ ಕೈ ತಾನಾಗಿಯೇ ಮೊಮ್ಮಗನ ಕುತ್ತಿಗೆಯ ಕಡೆ ಹೋಯಿತು.

"ಸರ, ನೀವು ಬಗ್ಗಸಬ್ಯಾಡ್ರಿ" ಎಂದಳು ಹುಲಿಗೆವ್ವ. "ಅವನೇ ಮುಟ್ತಾನ."

ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಶಿವಾನಿ ಅಡುಗೆಮನೆಯಿಂದ ಬಂದು, ಮಗನ ಬೆರಳಿಗೂ ಕಿವಿಗೂ ನಡುವೆ ತನ್ನ ಬೆರಳುಗಳನ್ನು ಒತ್ತಿಟ್ಟು ಅಳೆದಳು. ಒಮ್ಮೆ ಮಾವನ ಮುಖ ನೋಡಿದಳು, ಆಮೇಲೆ ಹುಡುಗಿಯದು.

"ಇನ್ನೂ ನಾಲ್ಕು ಬೆರಳು ಅದ" ಎಂದಳು. "ಮುಂದಿನ ಐತವಾರ ಬಾ, ಮತ್ತ ಅಳಿಯೋಣು."